ಬಾಡಿಗೆ ಮನೆಯ ಲೆಕ್ಕ ಹಾಕುವುದು ಹೇಗೆ? ಬೆಳಗಾವಿಯ ವಿದ್ಯಾರ್ಥಿ ಸಂಶೋಧಕರಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟುಗಳ ಪಟ್ಟಿಯಲ್ಲಿ "ನಗರದ ವಸತಿ ಸಮಸ್ಯೆ: ಒಂದು ಅಧ್ಯಯನ" ಅನ್ನುವುದು ಇದ್ದೇ ಇರುತ್ತದೆ. ಹೆಚ್ಚಿನವುಗಳ ಕಥೆ ಒಂದೇ. ಮನೆ ಮನುಷ್ಯನ ಮೂಲಭೂತ ಅಗತ್ಯ ಅಂತ ಶುರು. ನಡುವೆ ಸರ್ಕಾರಿ ಯೋಜನೆಗಳ ಗುರಿಗಳ ನಕಲು. ಕೊನೆಗೆ "ಯೋಜನೆಗಳು ಸಮರ್ಪಕವಾಗಿ ಜಾರಿಯಾಗಬೇಕು" ಅನ್ನುವ ಸಲಹೆ. ನೂರು ಪುಟ ಓದಿದರೂ ಅನಗೋಳದಲ್ಲಿ ಎರಡು ಖೋಲಿಯ ಮನೆಗೆ ಬಾಡಿಗೆ ಎಷ್ಟು ಅಂತ ಗೊತ್ತಾಗುವುದಿಲ್ಲ.

ಇದಕ್ಕಿಂತ ಒಳ್ಳೆಯ ಕೆಲಸ ಒಬ್ಬ ವಿದ್ಯಾರ್ಥಿಯ ಕೈಯಲ್ಲೇ ಆಗುತ್ತದೆ. ಮನೆ ಕಟ್ಟುವವರಿಗೆ, ಕೊಳ್ಳುವವರಿಗೆ ಸರ್ಕಾರದಲ್ಲಿ ಕಡತ ಇದೆ, ಅರ್ಜಿ ಇದೆ, ಫಲಾನುಭವಿಗಳ ಪಟ್ಟಿ ಇದೆ. ತಿಂಗಳಿಗೊಮ್ಮೆ ಬಾಡಿಗೆ ಎಣಿಸಿ ಕೊಡುವವರು ಈ ಯಾವ ಕಡತದಲ್ಲೂ ಸರಿಯಾಗಿ ಕಾಣುವುದಿಲ್ಲ. ಅವರ ಪೂರ್ತಿ ಖರ್ಚನ್ನು ಕಾಗದದ ಮೇಲೆ ತರುವುದೇ ನಿಮ್ಮ ಕೆಲಸ. ಮುಂದಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ಓಣಿಯಷ್ಟು ಚಿಕ್ಕದು ಮಾಡಿ

"ಬೆಳಗಾವಿ ನಗರದ ವಸತಿ" ಅಂತ ಹೊರಟರೆ ಮುಗಿಯುವುದಿಲ್ಲ. 2011ರ ಜನಗಣತಿಯಲ್ಲೇ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 4.9 ಲಕ್ಷ ಇತ್ತು. ಒಂದು ಗುಂಪು, ಒಂದು ಜಾಗ, ಒಂದು ಹೋಲಿಕೆ ಸಾಕು.

ವಡಗಾವಿ, ಖಾಸಬಾಗ, ಶಹಾಪುರದ ನೇಕಾರರನ್ನು ತೆಗೆದುಕೊಳ್ಳಬಹುದು. ಅಲ್ಲಿ ಮನೆಯೊಳಗೇ ಮಗ್ಗ ಇರುತ್ತದೆ. ಹಾಗಾದರೆ ಕೊಡುವ ಬಾಡಿಗೆಯಲ್ಲಿ ಮನೆಯದೆಷ್ಟು, ದುಡಿಮೆಯ ಜಾಗದ್ದೆಷ್ಟು? ಈ ಒಂದೇ ಪ್ರಶ್ನೆ ಒಂದು ಪ್ರಾಜೆಕ್ಟಿಗೆ ಸಾಕು. ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿದು, ಒಂದೇ ಖೋಲಿಯಲ್ಲಿ ನಾಲ್ಕೈದು ಜನ ಇರುವ ಹೊರಊರಿನ ಕಾರ್ಮಿಕರು ಇನ್ನೊಂದು ಗುಂಪು. ಹಾಸ್ಟೆಲ್ ಸೀಟು ಸಿಗದೆ ಹೊರಗೆ ರೂಮು ಮಾಡಿರುವ ವಿದ್ಯಾರ್ಥಿಗಳು ಮೂರನೆಯದು. ಮೂರನೆಯದು ಸುಲಭ, ಆದರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಹಿಡಿಯುವುದಾದರೆ ನಿಮ್ಮ ಗೆಳೆಯರ ಬಳಗಕ್ಕೇ ನಿಲ್ಲಬೇಡಿ.

ಬಾಗಲಕೋಟೆಯವರಿಗೆ ಇನ್ನೂ ಗಟ್ಟಿಯಾದ ವಿಷಯ ಮನೆಬಾಗಿಲಲ್ಲೇ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಭಾಗ ಹೋಯಿತು, ನವನಗರ ಎದ್ದಿತು. ಮುಳುಗಡೆಯ ಪರಿಹಾರದ ಮಾತು ಬಂದಾಗ ಮೊದಲು ನೆನಪಾಗುವವರು ಮನೆ ಮಾಲೀಕರು. ಆ ಮನೆಗಳಲ್ಲಿ ಬಾಡಿಗೆಗಿದ್ದ ಕುಟುಂಬಗಳು ಎಲ್ಲಿ ಹೋದವು, ಈಗ ಎಲ್ಲಿ ಎಷ್ಟು ಬಾಡಿಗೆ ಕೊಡುತ್ತಿವೆ ಅಂತ ಕೇಳಿಕೊಂಡು ಹೋಗಿ.

ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಉದಾಹರಣೆಗೆ: "ಖಾಸಬಾಗದಲ್ಲಿ ಬಾಡಿಗೆಗಿರುವ ನೇಕಾರ ಕುಟುಂಬಗಳು ಮನೆಗಾಗಿ ಮಾಡುವ ಒಟ್ಟು ಖರ್ಚು ಅವರ ಆದಾಯದ ಎಷ್ಟು ಪಾಲು, ಯಾವ ಸರ್ಕಾರಿ ನೆರವು ಅವರನ್ನು ತಲುಪಿದೆ?" ಇದನ್ನು ಮನೆಯಲ್ಲಿ ಅವ್ವನಿಗೆ ಓದಿ ಹೇಳಿ. ಅವರಿಗೆ ತಿಳಿಯದಿದ್ದರೆ ಮತ್ತೆ ಬರೆಯಿರಿ.

ಹೆಜ್ಜೆ 2: ಯಾವ ನೀತಿ ಯಾರನ್ನು ನೋಡುತ್ತದೆ?

ಯೋಜನೆಗಳ ಹೆಸರು ಪಟ್ಟಿ ಮಾಡಿದರೆ ಸಾಲದು. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಇಡಿ: ಇದರಲ್ಲಿ ಬಾಡಿಗೆದಾರನಿಗೆ ಜಾಗ ಇದೆಯಾ?

ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗ 2015ರ ಜೂನ್ 25ರಂದು ಶುರುವಾಯಿತು. ಅದರ ಒತ್ತು ಸ್ವಂತ ಮನೆಯ ಮೇಲೆ. ಕೊರೋನಾ ಕಾಲದಲ್ಲಿ ವಲಸೆ ಕಾರ್ಮಿಕರು ನಡೆದುಕೊಂಡು ಊರಿಗೆ ಹೋದದ್ದು ನೆನಪಿದೆ ಅಲ್ವಾ? ಆಮೇಲೆ 2020ರಲ್ಲಿ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ಬಂತು. ಸರ್ಕಾರಿ ಹಣದಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ಬಾಡಿಗೆಗೆ ಕೊಡುವುದು ಅದರ ಒಂದು ದಾರಿ. ಖಾಸಗಿಯವರು ಅಥವಾ ಸರ್ಕಾರಿ ಸಂಸ್ಥೆಗಳು ತಮ್ಮ ಖಾಲಿ ಜಾಗದಲ್ಲಿ ಕಟ್ಟುವುದು ಇನ್ನೊಂದು. 2024ರ ಸೆಪ್ಟೆಂಬರಿನಲ್ಲಿ ಬಂದ ಆವಾಸ್ 2.0 ಐದು ವರ್ಷಗಳಲ್ಲಿ 1 ಕೋಟಿ ನಗರ ಕುಟುಂಬಗಳ ಗುರಿ ಇಟ್ಟಿದೆ. ಅದರ ನಾಲ್ಕು ಭಾಗಗಳಲ್ಲಿ ಒಂದು ಬಾಡಿಗೆ ವಸತಿಗೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇದ್ದರೆ ಆರ್ಥಿಕವಾಗಿ ದುರ್ಬಲ ವರ್ಗ, 3ರಿಂದ 6 ಲಕ್ಷ ಇದ್ದರೆ ಕಡಿಮೆ ಆದಾಯದ ವರ್ಗ. ನಿಮ್ಮ ಮಾಹಿತಿಯನ್ನೂ ಇದೇ ಗೆರೆಗಳಲ್ಲಿ ವಿಂಗಡಿಸಿ. ಆಗ ಅಧಿಕಾರಿಗಳ ಮುಂದೆ ಇಟ್ಟಾಗ ಮಾತು ನೇರವಾಗಿ ತಾಗುತ್ತದೆ.

ಸ್ವಂತ ಮನೆಯ ನೆರವಿಗೆ ಒಂದು ಷರತ್ತಿದೆ. ಅರ್ಜಿ ಹಾಕುವ ಕುಟುಂಬಕ್ಕೆ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಗೋಕಾಕ ತಾಲೂಕಿನ ಹಳ್ಳಿಯಲ್ಲಿ ಮನೆ ಇದೆ, ದುಡಿಮೆ ಮಾತ್ರ ಬೆಳಗಾವಿಯಲ್ಲಿ. ಅಂಥವರು ಇಲ್ಲಿ ಪಕ್ಕಾ ಬಾಡಿಗೆದಾರರು, ಅಲ್ಲಿ ಪಕ್ಕಾ ಮಾಲೀಕರು. ಇಂಥ ಕುಟುಂಬಗಳು ಎಷ್ಟಿವೆ ಅಂತ ನಿಮ್ಮ ಮಾದರಿಯಲ್ಲಿ, ಅಂದರೆ ನೀವು ಕೇಳಲು ಆರಿಸಿದ ಮನೆಗಳಲ್ಲಿ, ಎಣಿಸಿ.

ರಾಜ್ಯದ ಕಡೆ ಬನ್ನಿ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಬಸವ ವಸತಿ, ವಾಜಪೇಯಿ ನಗರ ವಸತಿ ಯೋಜನೆಗಳೂ ಮನೆ ಕಟ್ಟಿಕೊಳ್ಳುವವರಿಗೇ. ಬಾಡಿಗೆಗೆ ಹತ್ತಿರದ ನೆರವು ಬೇಕಾದರೆ ಬೇರೆ ಇಲಾಖೆಗಳಲ್ಲಿ ಹುಡುಕಬೇಕು. ಮೂರು ಸಿಗುತ್ತವೆ.

ಒಂದು, ವಿದ್ಯಾಸಿರಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು ಶುರುವಾದ ಯೋಜನೆ. ಆರಂಭದ ದರ ತಿಂಗಳಿಗೆ 1,500 ರೂಪಾಯಿ, 10 ತಿಂಗಳಿಗೆ 15,000. ರೂಮಿನ ಬಾಡಿಗೆ ಮಾತ್ರ ರಜೆಯಲ್ಲೂ ಓಡುತ್ತದೆ, ವರ್ಷಕ್ಕೆ 12 ತಿಂಗಳು. ಈ ಎರಡು ತಿಂಗಳ ಅಂತರವನ್ನು ಯಾರು ತುಂಬುತ್ತಾರೆ? ಹಣ ಯಾವ ತಿಂಗಳು ಖಾತೆಗೆ ಬಂತು, ಅಲ್ಲಿಯವರೆಗೆ ಖಾನಾವಳಿಯ ಉದ್ರಿ ಎಷ್ಟಾಗಿತ್ತು? ಇವನ್ನು ಕೇಳಿ.

ಎರಡು, ಗೃಹಜ್ಯೋತಿ. ಮನೆಗಳಿಗೆ ಉಚಿತ ಕರೆಂಟು ಕೊಡುವ ಈ ಯೋಜನೆ 2023ರಲ್ಲಿ ಬಂತು, ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಹಿಂದಿನ ಬಳಕೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಮಿತಿ ಕಟ್ಟುತ್ತಾರೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಈಗ ಒಂದೇ ಮೀಟರಿನಲ್ಲಿ ನಾಲ್ಕು ಖೋಲಿ ಇರುವ ಚಾಳ ನೆನೆಸಿಕೊಳ್ಳಿ. ಒಂದೊಂದು ಮನೆಯವರು 60 ಯೂನಿಟ್ ಉರಿಸಿದರೂ ಮೀಟರಿನಲ್ಲಿ 240 ಬರುತ್ತದೆ. ನಾಲ್ಕೂ ಬಡ ಮನೆಗಳು, ನಾಲ್ಕಕ್ಕೂ ಉಚಿತ ಇಲ್ಲ. ಹೆಸ್ಕಾಂ ಕರೆಂಟ್ ಬಿಲ್ಲಿನ ಒಂದು ಆರ್.ಆರ್. ನಂಬರು (ಸಂಪರ್ಕದ ಗುರುತಿನ ಸಂಖ್ಯೆ) ಎಷ್ಟು ಮನೆಗಳಿಗೆ ಹಂಚಿಹೋಗಿದೆ ಅನ್ನುವ ಒಂದು ಪ್ರಶ್ನೆ ನಿಮ್ಮ ಪ್ರಶ್ನೆಗಳ ನಮೂನೆಯಲ್ಲಿ ಇರಲೇಬೇಕು.

ಮೂರು, ನೆರೆ ಕಾಲದ ಬಾಡಿಗೆ ಹಣ. 2019ರ ಆಗಸ್ಟ್ ನೆರೆಯ ನಂತರ ಮನೆ ಪೂರ್ತಿ ಬಿದ್ದವರಿಗೆ 5 ಲಕ್ಷ ರೂಪಾಯಿ ಪರಿಹಾರದ ಜೊತೆಗೆ, ಮನೆ ಆಗುವವರೆಗೆ ಬಾಡಿಗೆಗೆ ತಿಂಗಳಿಗೆ 5,000 ಕೊಡುವುದಾಗಿಯೂ ರಾಜ್ಯ ಸರ್ಕಾರ ಘೋಷಿಸಿತ್ತು. ಬಾಡಿಗೆ ನೆರವು ಅನ್ನುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ ಅಂತ ತೋರಿಸಲು ಇಷ್ಟು ಸಾಕು. ಬಿದ್ದ ಮನೆಯಲ್ಲಿ ಬಾಡಿಗೆಗಿದ್ದವರ ಕೈಗೆ ಏನು ಬಂತು ಅಂತ ಹುಡುಕಿದರೆ ಅದೇ ಒಂದು ಅಧ್ಯಾಯ.

ಕಾನೂನನ್ನೂ ಓದಿ, ಆದರೆ ಅದರಲ್ಲೇ ಮುಳುಗಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ 2ನೇ ಕಲಂ ವಾಸದ ಮನೆಗೆ ಬಾಡಿಗೆಯ ಮಿತಿ ಹಾಕಿದೆ. ಅನುಸೂಚಿಯ ಮೊದಲ ಭಾಗದ ಊರುಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ. ಅದಕ್ಕಿಂತ ಜಾಸ್ತಿ ಇದ್ದರೆ ಕಾಯ್ದೆಯ ರಕ್ಷಣೆ ಇಲ್ಲ. ನಿಮ್ಮ ಮಾದರಿಯಲ್ಲಿ ಎಷ್ಟು ಮನೆಗಳು ಈ ಮಿತಿಯೊಳಗೆ ಉಳಿದಿವೆ ಅಂತ ಎಣಿಸಿದರೆ ಕಾಯ್ದೆ ಇವತ್ತು ಯಾರಿಗೆ ಉಪಯೋಗ ಅಂತ ತಾನಾಗಿ ತಿಳಿಯುತ್ತದೆ. 2021ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಡಿಪಾಜಿಟ್ ಎರಡು ತಿಂಗಳ ಬಾಡಿಗೆ ಮೀರಬಾರದು ಅಂತ ಇದೆ. ಅದು ಬರೀ ಮಾದರಿ, ರಾಜ್ಯ ಒಪ್ಪಿಕೊಂಡರೆ ಮಾತ್ರ ಕಾನೂನು. ಆದರೂ ಹೋಲಿಕೆಗೆ ಒಳ್ಳೆಯ ಅಳತೆಗೋಲು: ನಿಮ್ಮ ಓಣಿಯಲ್ಲಿ ಡಿಪಾಜಿಟ್ ಎಷ್ಟು ತಿಂಗಳದ್ದು?

ಹೆಜ್ಜೆ 3: ಇರುವ ಅಂಕಿಗಳನ್ನು ಅನುಮಾನದಿಂದ ಓದಿ

2023-24ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆ ಪ್ರಕಾರ ದೇಶದ ನಗರಗಳಲ್ಲಿ ತಲಾ ತಿಂಗಳ ಖರ್ಚು 6,996 ರೂಪಾಯಿ. ಅದರಲ್ಲಿ ಬಾಡಿಗೆಯ ಪಾಲು ಸುಮಾರು ಶೇ. 6.6. ಇದನ್ನು ನೋಡಿ "ಬಾಡಿಗೆ ಭಾರವೇನಲ್ಲ" ಅಂತ ಬರೆದವರೂ ಇದ್ದಾರೆ. ಆ ಸರಾಸರಿಯಲ್ಲಿ ಸ್ವಂತ ಮನೆಯವರೂ ಸೇರಿದ್ದಾರೆ, ಅವರ ಬಾಡಿಗೆ ಸೊನ್ನೆ! 2011ರ ಜನಗಣತಿಯಲ್ಲಿ ನಗರದ ಕುಟುಂಬಗಳಲ್ಲಿ ಬಾಡಿಗೆಯವರು ಶೇ. 27.5 ಮಾತ್ರ. ಅವರ ಹೊರೆಯನ್ನು ಎಲ್ಲರ ತಲೆಗೆ ಹಂಚಿದಾಗ ಅದು ಹಗುರವಾಗಿ ಕಾಣುತ್ತದೆ. ಬಾಡಿಗೆದಾರರನ್ನು ಮಾತ್ರ ಬೇರೆ ಮಾಡಿ ಲೆಕ್ಕ ಹಾಕಬೇಕು. ಸಮೀಕ್ಷೆಯ ಮೂಲ ಅಂಕಿಗಳು ಸಿಗುತ್ತವೆ, ಸಂಖ್ಯಾಶಾಸ್ತ್ರ ಓದಿದ ಗೆಳೆಯರಿದ್ದರೆ ಜೊತೆಗೆ ಕರೆದುಕೊಳ್ಳಿ.

ನೋಂದಣಿ ಕಚೇರಿಯಲ್ಲಿ ಬಾಡಿಗೆ ದರ ಸಿಗುತ್ತದೆ ಅಂತ ಹೋಗಬೇಡಿ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಅದಕ್ಕೇ ಎಲ್ಲರೂ 11 ತಿಂಗಳ ಕರಾರು ಮಾಡಿಕೊಳ್ಳುತ್ತಾರೆ. ಅದೂ ಸ್ಟ್ಯಾಂಪ್ ಪೇಪರ್ ಇದ್ದರೆ. ಬಡ ಓಣಿಗಳಲ್ಲಿ ಬಾಯಿಮಾತೇ ಕರಾರು.

ಇನ್ನೊಂದು ಮಾತು. ಕ್ಯಾಂಪ್ ಪ್ರದೇಶ ಕಂಟೋನ್ಮೆಂಟ್ ಮಂಡಳಿಗೆ ಸೇರಿದ್ದು, ಪಾಲಿಕೆಯ ವಾರ್ಡ್ ಅಂಕಿಗಳಲ್ಲಿ ಅದು ಬರುವುದಿಲ್ಲ. ನಕ್ಷೆಯಲ್ಲಿ ಪಕ್ಕಪಕ್ಕ ಇದೆ ಅಂತ ಕೂಡಿಸಿಬಿಡಬೇಡಿ.

ಹೆಜ್ಜೆ 4: ಅಳತೆಗೋಲು ಆರಿಸಿ

"ಆದಾಯದ ಶೇ. 30 ಮೀರಿದರೆ ಮನೆ ಕೈಗೆಟುಕದು" ಅನ್ನುವ ನಿಯಮ ಎಲ್ಲ ಪುಸ್ತಕದಲ್ಲೂ ಇದೆ. ಇದರ ಹುಟ್ಟು ಅಮೆರಿಕದಲ್ಲಿ. ಅಲ್ಲಿ 1969ರಲ್ಲಿ ಸರ್ಕಾರಿ ಮನೆಗಳ ಬಾಡಿಗೆಗೆ ಆದಾಯದ ಶೇ. 25ರ ಮಿತಿ ಹಾಕಿದರು, 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಅಲ್ಲಿನ ಬಾಡಿಗೆ ವೋಚರ್ ಪದ್ಧತಿಯೂ ಇದರ ಮೇಲೇ ನಿಂತಿದೆ. ಕುಟುಂಬ ತನ್ನ ಆದಾಯದ ಸುಮಾರು ಶೇ. 30 ಕೊಡುತ್ತದೆ, ನಿಗದಿತ ಮಿತಿಯೊಳಗೆ ಉಳಿದದ್ದನ್ನು ಸರ್ಕಾರ ಮಾಲೀಕನಿಗೆ ಕೊಡುತ್ತದೆ. ನಮ್ಮಲ್ಲಿ ಕೈಗೆಟುಕುವ ವಸತಿ ಕುರಿತ 2008ರ ದೀಪಕ್ ಪಾರೇಖ್ ಸಮಿತಿ ಮನೆ ಸಾಲದ ಕಂತು ಅಥವಾ ಬಾಡಿಗೆ ಆದಾಯದ ಶೇ. 30ರಿಂದ 40 ಮೀರಬಾರದು ಅಂದಿತು.

ನನ್ನ ಸಲಹೆ: ಶೇ. 30 ಬಳಸಿ, ಆದರೆ ಅದೊಂದನ್ನೇ ನಂಬಬೇಡಿ. ಲೆಕ್ಕ ಹಾಕಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ.

ಐದು ಜನರ ಒಂದು ಮನೆ. ತಿಂಗಳ ಆದಾಯ 18,000, ಬಾಡಿಗೆ 5,000. ಶೇ. 27.8 ಆಯಿತು, ಅಂದರೆ "ಕೈಗೆಟುಕುತ್ತದೆ". ಈಗ ನೀರಿಗೆ 200, ಲೈಟಿಗೆ 300 ಸೇರಿಸಿ. ಡಿಪಾಜಿಟ್ 50,000 ಕೊಟ್ಟಿದ್ದಾರೆ, ಆ ರೊಕ್ಕವನ್ನು ನೂರಕ್ಕೆ ಎರಡರ ಬಡ್ಡಿಗೆ ತಂದಿದ್ದಾರೆ. ತಿಂಗಳಿಗೆ 1,000 ಬಡ್ಡಿ. ಒಟ್ಟು 6,500, ಅಂದರೆ ಶೇ. 36.1. ಗೆರೆ ದಾಟಿತು. ಎಷ್ಟೋ ಪ್ರಾಜೆಕ್ಟುಗಳು ಈ ಬಡ್ಡಿಯನ್ನೇ ಬಿಡುತ್ತವೆ.

ಎರಡನೇ ಮನೆ, ನಾಲ್ಕು ಜನ. ಆದಾಯ 60,000, ಮನೆಯ ಒಟ್ಟು ಖರ್ಚು 21,600. ಇದೂ ಶೇ. 36. ಆದರೆ ಇವರ ಕೈಯಲ್ಲಿ ತಲೆಗೆ 9,600 ಉಳಿಯುತ್ತದೆ. ಮೊದಲನೆಯವರ ಕೈಯಲ್ಲಿ 2,300. ಶೇಕಡಾವಾರಿನಲ್ಲಿ ಎರಡೂ ಮನೆ ಸಮ, ಅಡುಗೆಮನೆಯಲ್ಲಿ ಅಲ್ಲ. ಹಾಗಾಗಿ "ಮನೆ ಖರ್ಚು ಕಳೆದು ತಲೆಗೆ ಉಳಿದದ್ದು" ಅನ್ನುವ ಎರಡನೇ ಅಳತೆಯನ್ನೂ ಪ್ರತಿ ಕುಟುಂಬಕ್ಕೆ ಹಾಕಿ. ಮೂರನೆಯದು ಇಕ್ಕಟ್ಟು: ಒಂದು ಖೋಲಿಗೆ ಎಷ್ಟು ಜನ. ಬಾಡಿಗೆ ಕಡಿಮೆ ಮಾಡಿಕೊಳ್ಳಲು ಜನ ಇಕ್ಕಟ್ಟನ್ನು ಸಹಿಸುತ್ತಾರೆ. ಅದು ಶೇಕಡಾವಾರಿನಲ್ಲಿ ಕಾಣುವುದೇ ಇಲ್ಲ. 2012ರಲ್ಲಿ ದೇಶದ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಅಂದಾಗಲೂ ಅದರ ದೊಡ್ಡ ಪಾಲು ಇಕ್ಕಟ್ಟಿನಲ್ಲಿದ್ದ ಕುಟುಂಬಗಳದ್ದೇ ಆಗಿತ್ತು.

ಹೆಜ್ಜೆ 5: ಪ್ರಶ್ನೆಗಳನ್ನು ಓಣಿಯ ಮಾತಿನಲ್ಲಿ ಬರೆಯಿರಿ

"ತಮ್ಮ ಕುಟುಂಬದ ಮಾಸಿಕ ವಸತಿ ವೆಚ್ಚವೆಷ್ಟು?" ಅಂತ ಕೇಳಿದರೆ ಜನ ಮುಖ ನೋಡುತ್ತಾರೆ. "ಅಕ್ಕಾರ, ಮನಿ ಬಾಡಿಗಿ ಎಷ್ಟೈತ್ರೀ? ಲೈಟ್ ಬಿಲ್ ಅದರಾಗ ಬಂತೋ, ಬ್ಯಾರೆನೋ?" ಅಂದರೆ ಉತ್ತರ ಬರುತ್ತದೆ. "ಕಾಕಾ, ಡಿಪಾಜಿಟ್ ರೊಕ್ಕ ಎಲ್ಲಿಂದ ತಂದ್ರಿ?" ಅಂದರೆ ಸಂಘದ ಸಾಲ, ಅಡವಿಟ್ಟ ಬಂಗಾರ ಎಲ್ಲ ಹೊರಗೆ ಬರುತ್ತದೆ. ಬೆಳಗಾವಿಯಲ್ಲಿ ಮರಾಠಿ, ಉರ್ದು ಮನೆಮಾತಿನವರೂ ಬಹಳ. ಆ ಭಾಷೆ ಬರುವ ಒಬ್ಬರು ಜೊತೆಗಿರಲಿ. ಕನ್ನಡದವರ ಮನೆಗಳನ್ನಷ್ಟೇ ಕೇಳಿ ಬಂದು ಅದನ್ನು ನಗರದ ಚಿತ್ರ ಅಂದರೆ ಸುಳ್ಳಾಗುತ್ತದೆ.

ಆದಾಯವನ್ನು ಮೊದಲೇ ಕೇಳಬೇಡಿ. ಬಿಪಿಎಲ್ ಕಾರ್ಡು ರದ್ದಾಗುತ್ತದೆ ಅನ್ನುವ ಭಯಕ್ಕೆ ಜನ ಕಡಿಮೆ ಹೇಳುತ್ತಾರೆ. "ನಾವು ರೇಷನ್ ಕಾರ್ಡಿನವರಲ್ಲ, ಕಾಲೇಜಿನವರು" ಅಂತ ಮೊದಲೇ ಹೇಳಿ. ಖರ್ಚಿನ ಪ್ರಶ್ನೆಗಳು ಮುಗಿದ ಮೇಲೆ, ದುಡಿಯುವ ಒಬ್ಬೊಬ್ಬರದ್ದೂ ಬೇರೆ ಬೇರೆ ಕೇಳಿ. ನೇಕಾರರಾದರೆ ಕಳೆದ ವಾರದ ಮಜೂರಿ ಮತ್ತು ಕೆಲಸ ಕಮ್ಮಿ ಇದ್ದ ತಿಂಗಳಿನದು, ಎರಡೂ ಬೇಕು. ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನೂ ಬರೆಯಿರಿ, ಬೇರೆ ಸಾಲಿನಲ್ಲಿ.

ಮನೆ ಹುಡುಕುವಾಗ ಏನಾಯಿತು ಅನ್ನುವ ಪ್ರಶ್ನೆಗೆ ಪೂರ್ತಿ ಜಾಗ ಬಿಡಿ. ಜಾತಿ ಯಾವುದು, ಮಾಂಸ ತಿನ್ನುತ್ತೀರಾ, ಗಂಡ ಎಲ್ಲಿ ಅಂತ ಕೇಳಿ ಬಾಗಿಲು ಹಾಕಿಸಿಕೊಂಡವರ ಅನುಭವ ನೇರವಾಗಿ ರೂಪಾಯಿಯಲ್ಲಿ ಬರುವುದಿಲ್ಲ. ಆದರೆ ಅಂಥವರು ಅದೇ ಅಳತೆಯ ಮನೆಗೆ ಎಷ್ಟು ಜಾಸ್ತಿ ಕೊಡುತ್ತಿದ್ದಾರೆ, ಕೆಲಸದಿಂದ ಎಷ್ಟು ದೂರ ಹೋಗಿ ಇದ್ದಾರೆ ಅನ್ನುವುದನ್ನು ಅಳೆಯಬಹುದು. ಈ ಪ್ರಶ್ನೆಗೆ ಆಯ್ಕೆಗಳ ಚೌಕಟ್ಟು ಕೊಡಬೇಡಿ, ಅವರು ಹೇಳಿದಂತೆಯೇ ಬರೆದುಕೊಳ್ಳಿ.

ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತಲೂ ಕೇಳಿ. ನಗರದ ಕೆಲವು ವಾರ್ಡುಗಳಲ್ಲಿ 2008ರಿಂದಲೇ 24 ತಾಸು ನೀರಿನ ಪ್ರಯೋಗ ನಡೆದಿದೆ. ನಲ್ಲಿಯಲ್ಲಿ ಯಾವಾಗಲೂ ನೀರಿರುವ ಮನೆಯ 5,000 ಮತ್ತು ಕೊಡ ಹಿಡಿದು ಕಾಯುವ ಮನೆಯ 5,000 ಒಂದೇ ಬಾಡಿಗೆಯಲ್ಲ.

ಹೆಜ್ಜೆ 6: ಯಾರ ಬಾಗಿಲು ತಟ್ಟಬೇಕು?

ಮತದಾರರ ಪಟ್ಟಿ ಹಿಡಿದು ಹೊರಡಬೇಡಿ. ಬಾಡಿಗೆದಾರರಲ್ಲಿ ಬಹಳ ಜನರ ಓಟು ಇನ್ನೂ ಹಳ್ಳಿಯಲ್ಲೇ ಇರುತ್ತದೆ. ಓಣಿಯನ್ನು ಒಮ್ಮೆ ನಡೆದು ಮನೆಗಳನ್ನೆಲ್ಲ ಎಣಿಸಿ, ಕೈನಕ್ಷೆ ಬರೆಯಿರಿ. ಹಿಂದಿನ ಖೋಲಿ, ಮಾಳಿಗೆಯ ಮೇಲಿನ ಶೀಟಿನ ಖೋಲಿ, ಎಲ್ಲ ಸೇರಲಿ. ಆಮೇಲೆ ಪ್ರತಿ ಐದನೆಯದೋ ಏಳನೆಯದೋ ಬಾಗಿಲಿಗೆ ಹೋಗಿ. ಒಬ್ಬರೇ ಮಾಡುವ ಪ್ರಾಜೆಕ್ಟಿಗೆ 60ರಿಂದ 80 ಬಾಡಿಗೆ ಕುಟುಂಬ ಸಾಕು. ಎರಡು ಗುಂಪು ಹೋಲಿಸುವುದಾದರೆ ಒಂದೊಂದರಲ್ಲಿ 30ಕ್ಕೆ ಕಡಿಮೆ ಬೇಡ. ಹಗಲು ಹೋದರೆ ಮನೆಯಲ್ಲಿದ್ದವರಷ್ಟೇ ಸಿಗುತ್ತಾರೆ, ಫೌಂಡ್ರಿಯವರಿಗಾಗಿ ಪಾಳಿ ಬಿಡುವ ಹೊತ್ತು ನೋಡಿ.

"ಮನೆ ಬಾಡಿಗೆಗಿದೆ" ಬೋರ್ಡುಗಳಿಗೆ ಫೋನ್ ಮಾಡಿ ದರ ಬರೆದುಕೊಳ್ಳುವುದು ಒಳ್ಳೆಯದೇ. ಅದು ಹೊಸಬರಿಗೆ ಕೇಳುವ ದರ. ಎಂಟು ವರ್ಷದಿಂದ ಅಲ್ಲೇ ಇದ್ದವರು ಕೊಡುವುದು ಬೇರೆ. ಎರಡನ್ನೂ ಬೇರೆ ಬೇರೆ ಕೋಷ್ಟಕದಲ್ಲಿಡಿ. ನಡುವಿನ ಅಂತರ ದೊಡ್ಡದಿದ್ದರೆ ಜನ ಯಾಕೆ ಸೋರುವ ಮನೆಯನ್ನೂ ಬಿಡುವುದಿಲ್ಲ ಅಂತ ಅರ್ಥವಾಗುತ್ತದೆ.

ಮಾಲೀಕರನ್ನೂ ಕೇಳಿ, ಹತ್ತು ಜನರಾದರೂ. ಹಲವರು ಮುಂದಿನ ಖೋಲಿಯಲ್ಲಿ ತಾವಿದ್ದು, ಹಿಂದಿನದನ್ನು ಬಾಡಿಗೆಗೆ ಕೊಟ್ಟು ಬದುಕುವವರು. ಅವರನ್ನು ಖಳರಂತೆ ಬರೆದ ವರದಿ ಸುಮ್ನೆ ಸಿಟ್ಟಿನ ವರದಿಯಾಗುತ್ತದೆ. ಆದರೆ ಮಾಲೀಕರ ಮುಂದೆ ಬಾಡಿಗೆದಾರರನ್ನು ಮಾತಾಡಿಸಲೇಬೇಡಿ. ನಮೂನೆಯಲ್ಲಿ ಹೆಸರು, ಮನೆ ನಂಬರು, ಆಧಾರ್ ಯಾವುದೂ ಬೇಡ, ಕ್ರಮಸಂಖ್ಯೆ ಸಾಕು. ಕಾಲೇಜಿನ ಪತ್ರ, ಗುರುತಿನ ಚೀಟಿ ಜೊತೆಗಿರಲಿ. "ಇದರಿಂದ ಮನೆ ಮಂಜೂರಾಗತೈತೇನ್ರಿ?" ಅಂತ ಕೇಳಿಯೇ ಕೇಳುತ್ತಾರೆ. ಇಲ್ಲ ಅಂತ ಸ್ಪಷ್ಟವಾಗಿ ಹೇಳಿ.

ಹೆಜ್ಜೆ 7: ಕಚೇರಿಯ ಮಾಹಿತಿ

ಇದನ್ನು ಸೆಮಿಸ್ಟರಿನ ಮೊದಲ ವಾರವೇ ಶುರು ಮಾಡಿ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಪಾಲಿಕೆಗೆ ಆವಾಸ್ ಅರ್ಜಿಗಳು ಎಷ್ಟು ಬಂದವು, ಎಷ್ಟು ತಿರಸ್ಕಾರವಾದವು, ಕಾರಣವೇನು ಅಂತ ಒಂದು ಅರ್ಜಿ. ಹಿಂದುಳಿದ ವರ್ಗಗಳ ಇಲಾಖೆಗೆ ವಿದ್ಯಾಸಿರಿ ಹಣ ಯಾವ ತಿಂಗಳು ಬಿಡುಗಡೆಯಾಯಿತು ಅಂತ ಇನ್ನೊಂದು. "ಯಾಕೆ" ಅಂತ ಕೇಳಬೇಡಿ, ಕಡತದಲ್ಲಿ ಇರುವುದನ್ನು ಮಾತ್ರ ಕೇಳಿ.

ಹೆಜ್ಜೆ 8: ಲೆಕ್ಕ ಮತ್ತು ಬರವಣಿಗೆ

ಸರಾಸರಿಗಿಂತ ಮಧ್ಯಾಂಕ ಬಳಸಿ, ಅಂದರೆ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವುದು. ಒಬ್ಬ ಡಾಕ್ಟರ ಮನೆ ಮಾದರಿಗೆ ಬಂದರೆ ಸರಾಸರಿ ಎದ್ದು ಕೂರುತ್ತದೆ, ಮಧ್ಯಾಂಕ ಅಲುಗುವುದಿಲ್ಲ. ಪ್ರತಿ ಕುಟುಂಬಕ್ಕೆ ಬರೀ ಬಾಡಿಗೆಯ ಶೇಕಡಾವಾರು, ಒಟ್ಟು ಮನೆ ಖರ್ಚಿನ ಶೇಕಡಾವಾರು, ತಲೆಗೆ ಉಳಿದದ್ದು, ಖೋಲಿಗೆ ಎಷ್ಟು ಜನ ಎಂಬ ನಾಲ್ಕು ಕಾಲಂ ಸಾಕು. ಮೊದಲ ಕಾಲಂನಲ್ಲಿ ಶೇ. 30ರ ಗೆರೆಯೊಳಗಿದ್ದು ಎರಡನೆಯದರಲ್ಲಿ ಅದನ್ನು ದಾಟುವ ಕುಟುಂಬಗಳು ಎಷ್ಟು ಅನ್ನುವುದೇ ನಿಮ್ಮ ವರದಿಯ ಮುಖ್ಯ ಅಂಕಿ. 70 ಮನೆಗಳ ಲೆಕ್ಕವನ್ನು "ಬೆಳಗಾವಿಯಲ್ಲಿ" ಅಂತ ಬರೆಯಬೇಡಿ, "ಕೇಳಿದ 70 ಮನೆಗಳಲ್ಲಿ" ಅಂತ ಬರೆಯಿರಿ.

ಸಲಹೆಗಳ ಅಧ್ಯಾಯದಲ್ಲಿ ಒಂದೊಂದು ಸಲಹೆಗೂ ಯಾರು ಮಾಡಬೇಕು, ಎಷ್ಟು ಖರ್ಚು ಅಂತ ಇರಲಿ. "ಬಾಡಿಗೆ ನೆರವು ಕೊಡಬೇಕು" ಅನ್ನುವುದು ಆಸೆ. ನಿಮ್ಮ ಮಾದರಿಯಲ್ಲಿ ಗೆರೆ ದಾಟಿದ ಕುಟುಂಬಗಳನ್ನು ಶೇ. 30ಕ್ಕೆ ಇಳಿಸಲು ಒಂದೊಂದು ಕುಟುಂಬಕ್ಕೆ ತಿಂಗಳಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಕೊಟ್ಟರೆ ಅದು ಸಲಹೆ. ಮೇಲಿನ ಮೊದಲ ಮನೆಗೆ 18,000ದ ಶೇ. 30 ಅಂದರೆ 5,400. ಕೊರತೆ 1,100. ಇಲ್ಲೇ ಒಂದು ತಕರಾರು ಬರುತ್ತದೆ: ನೆರವು ಕೊಟ್ಟರೆ ಮಾಲೀಕರು ಬಾಡಿಗೆ ಏರಿಸುವುದಿಲ್ಲವೇ? ಖಾಲಿ ಮನೆಗಳು ಕಮ್ಮಿ ಇರುವ ಓಣಿಯಲ್ಲಿ ಏರಿಸುವ ಸಂಭವ ಜಾಸ್ತಿ. ಕೈನಕ್ಷೆ ಮಾಡುವಾಗ ಖಾಲಿ ಮನೆಗಳನ್ನೂ ಎಣಿಸಿದ್ದರೆ ಉತ್ತರಕ್ಕೆ ಆಧಾರ ಸಿಗುತ್ತದೆ. ಆ ಸಾವಿರ ರೂಪಾಯಿ ಬಡ್ಡಿಯನ್ನು ನೋಡಿದರೆ ತಿಂಗಳ ನೆರವಿಗಿಂತ ಡಿಪಾಜಿಟ್‌ಗೆ ಕಡಿಮೆ ಬಡ್ಡಿಯ ಸಾಲ ಕೊಡುವುದೇ ಅಗ್ಗವೇನೋ ಅಂತ ನನಗನ್ನಿಸುತ್ತದೆ. ನಿಮ್ಮ ಅಂಕಿಗಳು ಬೇರೆ ಹೇಳಿದರೆ ಅದನ್ನೇ ಬರೆಯಿರಿ.

ದೊಡ್ಡ ವರದಿ ವಿಭಾಗಕ್ಕೆ. ಅದರ ಜೊತೆ ಎರಡು ಪುಟದ ಕನ್ನಡ ಟಿಪ್ಪಣಿ ಮಾಡಿ ವಾರ್ಡಿನ ಪಾಲಿಕೆ ಸದಸ್ಯರಿಗೆ, ಶಾಸಕರಿಗೆ ಕೊಡಿ. ಡಿಸೆಂಬರಿನ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಮೊದಲೇ ಕೊಟ್ಟರೆ ಪ್ರಶ್ನೆಯಾಗಿ ಎದ್ದರೂ ಏಳಬಹುದು. ಪ್ರಶ್ನಾವಳಿ, ಕೈನಕ್ಷೆ, ಅಂಕಿಗಳ ಕಡತ ಮೂರನ್ನೂ ವಿಭಾಗದ ಗ್ರಂಥಾಲಯಕ್ಕೆ ಬಿಟ್ಟುಹೋಗಿ. ಮುಂದಿನ ವರ್ಷದ ಜೂನಿಯರ್‌ಗಳು ಅದೇ ಓಣಿಗೆ ಅದೇ ಪ್ರಶ್ನೆ ಹಿಡಿದು ಹೋದರೆ ಬಾಡಿಗೆ ಎಷ್ಟು ಏರಿತು, ಯಾರು ಮನೆ ಬಿಟ್ಟರು ಅಂತ ಲೆಕ್ಕ ಸಿಗುತ್ತದೆ.